ತೋಟದ ನಕ್ಷೆಗೆ ತೋಟದ್ದೇ ಅಳತೆಗೆರೆ
ಗಣಕಯಂತ್ರದ ನಕ್ಷೆಯಲ್ಲಿ ಸ್ವಂತ ನಿರ್ದೇಶಾಂಕ ಪದ್ಧತಿಯನ್ನು ಬಳಸುವ ಬಗೆ

ಅಡಿಕೆ ಸಸಿ ನೆಡುವುದಕ್ಕೆ ಮುಂಚೆ, ಹನಿ ನೀರಾವರಿ ಕೊಳವೆ ಹಾಕಿಸುವುದಕ್ಕೆ ಮುಂಚೆ, ಅಣ್ಣತಮ್ಮಂದಿರಲ್ಲಿ ಹಿಸ್ಸೆಯಾಗುವುದಕ್ಕೆ ಮುಂಚೆ ತೋಟದ ನಕ್ಷೆ ಬೇಕಾಗುತ್ತದೆ. ಹಿಂದೆ ಇದನ್ನು ಕಾಗದದ ಮೇಲೆ ಅಡಿಪಟ್ಟಿ ಇಟ್ಟು ಬರೆಯುತ್ತಿದ್ದರು. ಈಗ ಪೇಟೆಯ ನಕ್ಷೆಗಾರರು ಗಣಕಯಂತ್ರದಲ್ಲಿ ಬರೆದುಕೊಡುತ್ತಾರೆ. ಬೆಳೆಗಾರರ ಮನೆಗಳಲ್ಲಿ ಓದಿದ ಮಕ್ಕಳೇ ಈ ಕೆಲಸ ಮಾಡುವುದೂ ಉಂಟು. ಯಾರೇ ಬರೆಯಲಿ, ನಕ್ಷೆಯಲ್ಲಿರುವ ಅಂಕಿಗಳ ಅರ್ಥ ತೋಟದ ಯಜಮಾನನಿಗೆ ತಿಳಿದಿರಬೇಕು. ಅಂಕಿ ತಿಳಿಯದೆ ಗುಂಡಿ ತೆಗೆಸಿದರೆ ಗುಂಡಿ ಬೇಲಿಯಾಚೆ ಹೋಗಬಹುದು, ಕೊಂಡ ಕೊಳವೆ ಸಾಲದೆ ಹೋಗಬಹುದು, ಪಂಪು ಮೇಲಿನ ಸಾಲಿಗೆ ನೀರೇರಿಸದೆ ಇರಬಹುದು. ಈ ಮೂರೂ ಕಷ್ಟಗಳ ಮೂಲ ಒಂದೇ: ಅಳತೆಯನ್ನು ಎಲ್ಲಿಂದ, ಯಾವ ದಿಕ್ಕಿಗೆ ಎಣಿಸಿದ್ದೇವೆ ಎಂಬುದರ ಗೊಂದಲ. ಅದನ್ನು ನಿವಾರಿಸುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ನಿರ್ದೇಶಾಂಕ ಎಂದರೇನು?

ಒಂದು ಗೂಟ ಎಲ್ಲಿದೆ ಎಂದು ಹೇಳಬೇಕಾದರೆ ಮೂರು ಸಂಗತಿಗಳು ಬೇಕು. ಎಲ್ಲಿಂದ ಎಣಿಸಬೇಕು, ಯಾವ ದಿಕ್ಕಿಗೆ ಎಣಿಸಬೇಕು, ಎಷ್ಟು ದೂರ ಎಣಿಸಬೇಕು. ಎಣಿಕೆ ಪ್ರಾರಂಭವಾಗುವ ಜಾಗಕ್ಕೆ ಮೂಲಬಿಂದು ಎಂದು ಹೆಸರು. ಎಣಿಸುವ ದಿಕ್ಕಿನ ಗೆರೆಗಳಿಗೆ ಅಕ್ಷಗಳೆಂದು ಹೆಸರು. ಅಡ್ಡ ಗೆರೆಯನ್ನು ಎಕ್ಸ್ ಅಕ್ಷವೆಂದೂ, ಅದಕ್ಕೆ ಲಂಬವಾದ ಗೆರೆಯನ್ನು ವೈ ಅಕ್ಷವೆಂದೂ, ಮೇಲಕ್ಕೆ ಏರುವ ಗೆರೆಯನ್ನು ಝಡ್ ಅಕ್ಷವೆಂದೂ ಕರೆಯುತ್ತಾರೆ. ಈ ಲೆಕ್ಕದ ಕ್ರಮಕ್ಕೆ ಬುನಾದಿ ಹಾಕಿದವರಲ್ಲಿ ಫ್ರಾನ್ಸಿನ ತತ್ವಜ್ಞಾನಿ ರೆನೆ ಡೆಕಾರ್ಟ್ ಪ್ರಮುಖನು. ಅವನ ಜ್ಯಾಮಿತಿಯ ಗ್ರಂಥ 1637ರಲ್ಲಿ ಪ್ರಕಟವಾಯಿತು.

ಇದು ನಮಗೆ ಹೊಸದೇನಲ್ಲ. ನಮ್ಮ ಜಮೀನುಗಳ ಹಳೆಯ ಸರ್ವೆ ಟಿಪ್ಪಣಿಯನ್ನು ನೋಡಿದವರಿಗೆ ಇದು ಗೊತ್ತು. ಭೂಮಾಪಕರು ಜಮೀನಿನ ನಡುವೆ ಒಂದು ಆಧಾರರೇಖೆ ಹಿಡಿದು, ಅದರ ಉದ್ದಕ್ಕೆ ಸರಪಳಿ ಎಳೆದು, ಎಡಕ್ಕೂ ಬಲಕ್ಕೂ ಇರುವ ಗಡಿಗಳನ್ನು ಲಂಬವಾಗಿ ಅಳೆದು ಬರೆಯುತ್ತಿದ್ದರು. ಸರಪಳಿಗೆ 33 ಅಡಿ, ಅದರ 16ನೇ ಒಂದು ಭಾಗಕ್ಕೆ ಒಂದು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಆ ಆಧಾರರೇಖೆ ಉತ್ತರಕ್ಕೋ ಪೂರ್ವಕ್ಕೋ ನೇರವಾಗಿರಬೇಕೆಂಬ ನಿಯಮವಿರಲಿಲ್ಲ. ಜಮೀನಿಗೆ ಅನುಕೂಲವಾದ ದಿಕ್ಕಿಗೆ ಅದನ್ನು ಹಿಡಿಯುತ್ತಿದ್ದರು. ಅಂದರೆ ಪ್ರತಿ ಜಮೀನಿಗೂ ಅದರದ್ದೇ ಆದ ನಿರ್ದೇಶಾಂಕ ಪದ್ಧತಿ ಇತ್ತು. ಗಣಕಯಂತ್ರದಲ್ಲಿ ನಾವು ಮಾಡಲು ಹೊರಟಿರುವುದೂ ಇದೇ ಕೆಲಸ.

2. ಲೋಕದ ಲೆಕ್ಕ ಮತ್ತು ತೋಟದ ಲೆಕ್ಕ

ಗಣಕಯಂತ್ರದ ನಕ್ಷೆ ತಂತ್ರಾಂಶಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಆಟೋಕ್ಯಾಡ್. ಇದು 1982ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಬಳಕೆದಾರನು ತನಗೆ ಬೇಕಾದ ಮೂಲಬಿಂದು ಮತ್ತು ಅಕ್ಷಗಳನ್ನು ಇಟ್ಟುಕೊಳ್ಳುವ ಸೌಲಭ್ಯ ಅದಕ್ಕೆ 1988ರ ಹತ್ತನೆಯ ಆವೃತ್ತಿಯಲ್ಲಿ ಬಂದಿತು. ಇದಕ್ಕೆ ಯು.ಸಿ.ಎಸ್. ಎಂದು ಹೆಸರು, ಅಂದರೆ ಬಳಕೆದಾರನ ನಿರ್ದೇಶಾಂಕ ಪದ್ಧತಿ. ತಂತ್ರಾಂಶದೊಳಗೆ ಎಂದಿಗೂ ಬದಲಾಗದೆ ಇರುವ ಇನ್ನೊಂದು ಪದ್ಧತಿ ಇದೆ. ಅದಕ್ಕೆ ಡಬ್ಲ್ಯು.ಸಿ.ಎಸ್. ಎನ್ನುತ್ತಾರೆ, ಅಂದರೆ ವಿಶ್ವ ನಿರ್ದೇಶಾಂಕ ಪದ್ಧತಿ. ಈ ಪಾಠದಲ್ಲಿ ಸುಲಭವಾಗಲೆಂದು ಮೊದಲನೆಯದನ್ನು ತೋಟದ ಲೆಕ್ಕವೆಂದೂ, ಎರಡನೆಯದನ್ನು ಲೋಕದ ಲೆಕ್ಕವೆಂದೂ ಕರೆಯೋಣ.

ಲೋಕದ ಲೆಕ್ಕ ಏಕೆ ಬೇಕು? ಈಗ ಭೂಮಾಪನದಲ್ಲಿ ಉಪಗ್ರಹ ಆಧಾರಿತ ಯಂತ್ರಗಳು ಬಳಕೆಯಲ್ಲಿವೆ. ಅವು ಕೊಡುವ ಅಂಕಿಗಳನ್ನು ಸಾಮಾನ್ಯವಾಗಿ ಯು.ಟಿ.ಎಂ. ಎಂಬ ಜಾಗತಿಕ ಚೌಕಳಿ ಪದ್ಧತಿಯಲ್ಲಿ ಮೀಟರುಗಳಾಗಿ ಬರೆಯುತ್ತಾರೆ. ಈ ಪದ್ಧತಿ ಭೂಮಿಯನ್ನು 6 ಡಿಗ್ರಿ ಅಗಲದ 60 ವಲಯಗಳಾಗಿ ಭಾಗ ಮಾಡಿದೆ. ಪೂರ್ವ ರೇಖಾಂಶ 72ರಿಂದ 78 ಡಿಗ್ರಿವರೆಗಿನ 43ನೆಯ ವಲಯದಲ್ಲಿ ನಮ್ಮ ಮಲೆನಾಡು, ಕರಾವಳಿ, ಕೊಡಗು ಎಲ್ಲವೂ ಸೇರುತ್ತವೆ. ವಲಯದ ನಡುವಿನ 75 ಡಿಗ್ರಿ ರೇಖೆಗೆ 5,00,000 ಮೀಟರ್ ಎಂದು ಬೆಲೆ ಕೊಟ್ಟು ಪೂರ್ವದ ಅಂಕಿಯನ್ನೂ, ಸಮಭಾಜಕ ವೃತ್ತದಿಂದ ಎಣಿಸಿ ಉತ್ತರದ ಅಂಕಿಯನ್ನೂ ಬರೆಯುತ್ತಾರೆ. ಹೀಗಾಗಿ ಕೊಪ್ಪದ ಆಸುಪಾಸಿನ ಒಂದು ಗಡಿಕಲ್ಲಿಗೆ ಪೂರ್ವ 538900, ಉತ್ತರ 1495800 ಎಂಬಂತಹ ದೊಡ್ಡ ಅಂಕಿಗಳು ಬರುತ್ತವೆ.

ಈ ಅಂಕಿಗಳು ಸರ್ವೆಯವರಿಗೆ ಅತ್ಯವಶ್ಯಕ. ಪಕ್ಕದ ಜಮೀನಿನ ನಕ್ಷೆಯೂ ನಮ್ಮ ನಕ್ಷೆಯೂ ಒಂದಕ್ಕೊಂದು ಕೂಡಿಕೊಳ್ಳುವುದು ಇವುಗಳಿಂದಲೇ. ಆದರೆ ಗುಂಡಿ ತೆಗೆಯುವ ಆಳಿಗೆ ಇವು ಯಾವ ಪ್ರಯೋಜನಕ್ಕೂ ಬಾರವು. ಅವನಿಗೆ ಬೇಕಾದುದು ಗಡಿಕಲ್ಲಿನಿಂದ ಬೇಲಿಯುದ್ದಕ್ಕೆ ಎಷ್ಟು, ಬೇಲಿಯಿಂದ ಒಳಕ್ಕೆ ಎಷ್ಟು ಎಂಬ ಎರಡು ಸಣ್ಣ ಅಂಕಿಗಳು. ಆದುದರಿಂದ ಎರಡು ಲೆಕ್ಕವೂ ಬೇಕು.

3. ನೆಲವನ್ನು ತಿರುಗಿಸಬಾರದು, ಅಳತೆಗೆರೆಯನ್ನು ತಿರುಗಿಸಬೇಕು

ನಮ್ಮ ತೋಟಗಳ ಬೇಲಿ ದಿಕ್ಕಿಗೆ ಸರಿಯಾಗಿ ಓಡುವುದು ಅಪರೂಪ. ಸರ್ವೆಯ ಅಂಕಿಗಳ ಪ್ರಕಾರ ಬರೆದ ನಕ್ಷೆ ಪರದೆಯ ಮೇಲೆ ಓರೆಯಾಗಿ ಕಾಣುತ್ತದೆ. ಓರೆ ನಕ್ಷೆಯಲ್ಲಿ ಸಾಲು ಎಳೆಯುವುದು ಕಷ್ಟವೆಂದು ಕೆಲವರು ಇಡೀ ನಕ್ಷೆಯನ್ನೇ ತಿರುಗಿಸಿ ನೇರ ಮಾಡಿಕೊಳ್ಳುತ್ತಾರೆ. ಇದು ತಪ್ಪು ಕ್ರಮ. ಹಾಗೆ ತಿರುಗಿಸಿದ ಕ್ಷಣವೇ ನಕ್ಷೆಗೂ ಸರ್ವೆಗೂ ಇದ್ದ ಸಂಬಂಧ ಕಡಿದುಹೋಗುತ್ತದೆ. ಮುಂದೆ ಅದನ್ನು ಪಕ್ಕದವರ ನಕ್ಷೆಯೊಡನೆ ಇಟ್ಟು ನೋಡಿದರೆ ಗಡಿ ಕೂಡುವುದಿಲ್ಲ. ಇಲ್ಲದ ಒತ್ತುವರಿ ಕಾಣಿಸಿಕೊಳ್ಳುತ್ತದೆ, ಇರುವ ಒತ್ತುವರಿ ಮರೆಯಾಗುತ್ತದೆ.

ಸರಿಯಾದ ಕ್ರಮವೆಂದರೆ ನಕ್ಷೆಯನ್ನು ಇದ್ದಲ್ಲಿಯೇ ಬಿಟ್ಟು, ಅಳತೆಯ ಅಕ್ಷಗಳನ್ನು ಬೇಲಿಗೆ ಹೊಂದಿಸಿಕೊಳ್ಳುವುದು. ಮೇಜಿನ ಮೇಲೆ ಕಾಗದವನ್ನು ಅಂಟಿಸಿಟ್ಟು, ಅಡಿಪಟ್ಟಿಯನ್ನು ಮಾತ್ರ ಓರೆಯಾಗಿ ಇಡುವಂತೆ ಇದು. ಅಡಿಪಟ್ಟಿ ತೆಗೆದ ಮೇಲೂ ಕಾಗದ ಇದ್ದಂತೆಯೇ ಇರುತ್ತದೆ.

4. ಒಂದು ತೋಟದ ಉದಾಹರಣೆ

60 ಮೀಟರ್ ಉದ್ದ, 40 ಮೀಟರ್ ಅಗಲದ ಒಂದು ಆಯತಾಕಾರದ ತುಂಡನ್ನು ತೆಗೆದುಕೊಳ್ಳೋಣ. ಇದರ ವಿಸ್ತೀರ್ಣ 2,400 ಚದರ ಮೀಟರ್, ಅಂದರೆ 23 ಗುಂಟೆಗೆ ಸ್ವಲ್ಪ ಮೇಲೆ. ನಾಲ್ಕು ಮೂಲೆಯ ಕಲ್ಲುಗಳನ್ನು ಅ, ಆ, ಇ, ಈ ಎಂದು ಕರೆಯೋಣ. ಲೋಕದ ಲೆಕ್ಕದಲ್ಲಿ ಅವುಗಳ ಅಂಕಿಗಳು ಹೀಗಿವೆ:

ಅ: ಪೂರ್ವ 538900, ಉತ್ತರ 1495800
ಆ: ಪೂರ್ವ 538948, ಉತ್ತರ 1495836
ಇ: ಪೂರ್ವ 538924, ಉತ್ತರ 1495868
ಈ: ಪೂರ್ವ 538876, ಉತ್ತರ 1495832

ಅ ಕಲ್ಲಿನಿಂದ ಆ ಕಲ್ಲಿಗೆ ಪೂರ್ವಕ್ಕೆ 48 ಮೀಟರ್, ಉತ್ತರಕ್ಕೆ 36 ಮೀಟರ್. ಇವೆರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸರಿಯಾಗಿ 60 ಮೀಟರ್ ಬರುತ್ತದೆ. ಬೇಲಿ ಪೂರ್ವ ದಿಕ್ಕಿನಿಂದ ಉತ್ತರದ ಕಡೆಗೆ ಸುಮಾರು 36.87 ಡಿಗ್ರಿ ತಿರುಗಿದೆ.

ತೋಟದ ಲೆಕ್ಕ ಇಡುವ ಕ್ರಮ:

(ಅ) ಯು, ಸಿ, ಎಸ್ ಎಂಬ ಮೂರು ಅಕ್ಷರಗಳನ್ನು ಒತ್ತಿ ಎಂಟರ್ ಒತ್ತಬೇಕು. ಮೂಲಬಿಂದು ಎಲ್ಲಿ ಎಂದು ಯಂತ್ರ ಕೇಳುತ್ತದೆ. ಅ ಕಲ್ಲಿನ ಮೇಲೆ ಗುರುತು ಒತ್ತಬೇಕು. ಕಣ್ಣಂದಾಜಿನಲ್ಲಿ ಒತ್ತದೆ, ಗೆರೆಯ ತುದಿಯನ್ನು ತಾನೇ ಹಿಡಿಯುವ ಆಬ್ಜೆಕ್ಟ್ ಸ್ನ್ಯಾಪ್ ಸೌಲಭ್ಯವನ್ನು ಹಾಕಿಕೊಂಡಿರಬೇಕು.

(ಆ) ಎಕ್ಸ್ ಅಕ್ಷದ ಮೇಲಿನ ಒಂದು ಬಿಂದುವನ್ನು ಕೇಳುತ್ತದೆ. ಆ ಕಲ್ಲನ್ನು ತೋರಿಸಬೇಕು.

(ಇ) ಮೂರನೆಯ ಬಿಂದುವನ್ನು ಕೇಳುತ್ತದೆ. ಈ ಕಲ್ಲನ್ನು ತೋರಿಸಬೇಕು. ತೋಟ ಬೇಲಿಯ ಯಾವ ಪಕ್ಕಕ್ಕಿದೆ ಎಂಬುದು ಇದರಿಂದ ಯಂತ್ರಕ್ಕೆ ತಿಳಿಯುತ್ತದೆ.

(ಈ) ಪ್ಲಾನ್ ಎಂಬ ಆಜ್ಞೆ ಕೊಟ್ಟು ಎರಡು ಸಲ ಎಂಟರ್ ಒತ್ತಿದರೆ ಬೇಲಿ ಪರದೆಯ ಮೇಲೆ ಅಡ್ಡಲಾಗಿ ನೇರವಾಗಿ ಕಾಣುತ್ತದೆ. ಇಲ್ಲಿ ತಿರುಗಿದುದು ನೋಟ ಮಾತ್ರ. ನಕ್ಷೆ ತಿರುಗಿಲ್ಲ.

(ಉ) ಮತ್ತೆ ಯು.ಸಿ.ಎಸ್. ಆಜ್ಞೆ ಕೊಟ್ಟು, ಅದರಲ್ಲಿ ನೇಮ್ಡ್ ಎಂಬುದನ್ನೂ ಬಳಿಕ ಸೇವ್ ಎಂಬುದನ್ನೂ ಆಯ್ದು, "ಬೇಲಿ" ಎಂಬಂತೆ ಒಂದು ಹೆಸರು ಕೊಟ್ಟು ಉಳಿಸಿಕೊಳ್ಳಬೇಕು. ಹೆಸರಿಲ್ಲದೆ ಬಿಟ್ಟರೆ ಮುಂದಿನ ವರ್ಷ ಅದೇ ಗೆರೆಯನ್ನು ಮತ್ತೆ ಹುಡುಕಬೇಕಾಗುತ್ತದೆ.

ಈಗ ಅ ಕಲ್ಲಿನ ಅಂಕಿ (0, 0). ಆ ಕಲ್ಲಿನದು (60, 0). ಇ ಕಲ್ಲಿನದು (60, 40). ಈ ಕಲ್ಲಿನದು (0, 40). ಮೊದಲನೆಯ ಅಂಕಿ ಬೇಲಿಯುದ್ದಕ್ಕೆ, ಎರಡನೆಯದು ಬೇಲಿಯಿಂದ ಒಳಕ್ಕೆ. ಆಳುಗಳಿಗೂ ಅರ್ಥವಾಗುವ ಲೆಕ್ಕ ಇದು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಒಂದನೆಯದು, ಎಕ್ಸ್ ಅಕ್ಷವನ್ನು ತೋರಿಸುವ ಎರಡನೆಯ ಬಿಂದು ಆದಷ್ಟೂ ದೂರದಲ್ಲಿರಬೇಕು. ಮೂಲಬಿಂದುವಿನಿಂದ 2 ಮೀಟರ್ ದೂರದ ಗೂಟವನ್ನು ತೋರಿಸಿ, ಆ ಗೂಟ 5 ಸೆಂಟಿಮೀಟರ್ ಪಕ್ಕಕ್ಕಿದ್ದರೆ, 60 ಮೀಟರ್ ದೂರಕ್ಕೆ ಹೋಗುವಾಗ ಸಾಲು ಒಂದೂವರೆ ಮೀಟರ್ ಸರಿದಿರುತ್ತದೆ. ಎರಡನೆಯದು, ಮೂರನೆಯ ಬಿಂದು ಎಲ್ಲೇ ಇದ್ದರೂ ವೈ ಅಕ್ಷ ಬೇಲಿಗೆ ಲಂಬವಾಗಿಯೇ ಇರುತ್ತದೆ. ತೋಟದ ಮೂಲೆ ಸರಿಯಾದ ಲಂಬಕೋನವಲ್ಲದಿದ್ದರೆ ಪಕ್ಕದ ಬೇಲಿ ವೈ ಅಕ್ಷದ ಮೇಲೆ ಕೂರುವುದಿಲ್ಲ. ಅಂತಹ ಕಡೆ ಗಡಿಯ ಒಳಗೆ ಬೀಳುವ ಗುಂಡಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಹೊರಗಿನವನ್ನು ಅಳಿಸಬೇಕು.

5. ಸಾಲು ಮತ್ತು ಗುಂಡಿಗಳ ಲೆಕ್ಕ

ಅಡಿಕೆಗೆ 2.7 ಮೀಟರ್ ಚೌಕದ ಅಂತರ ಶಿಫಾರಸಾಗಿದೆ. ಈ ಅಂತರದಲ್ಲಿ ಹೆಕ್ಟೇರಿಗೆ 1,371 ಗಿಡಗಳಾಗುತ್ತವೆ. ನಮ್ಮ ಉದಾಹರಣೆಯಲ್ಲಿ ಬೇಲಿಯಿಂದ ಎರಡು ಕಡೆಗೂ 1.5 ಮೀಟರ್ ಬಿಟ್ಟು ಮೊದಲ ಗುಂಡಿ ಹಾಕೋಣ. ಆಗ ಮೊದಲ ಗುಂಡಿಯ ಅಂಕಿ (1.5, 1.5). ಒಂದು ಸಾಲಿನಲ್ಲಿ 22 ಗಿಡ, ನಡುವೆ 21 ಅಂತರ, ಒಟ್ಟು 56.7 ಮೀಟರ್. ಕೊನೆಯ ಗಿಡ 58.2 ಮೀಟರಿನಲ್ಲಿ ಬರುತ್ತದೆ, ಬೇಲಿಗೆ 1.8 ಮೀಟರ್ ಉಳಿಯುತ್ತದೆ. ಒಳಕ್ಕೆ 14 ಸಾಲು, 13 ಅಂತರ, ಒಟ್ಟು 35.1 ಮೀಟರ್. ಕೊನೆಯ ಸಾಲು 36.6 ಮೀಟರಿನಲ್ಲಿ ಬರುತ್ತದೆ. ಅಲ್ಲಿಂದ ಬೇಲಿಗೆ 3.4 ಮೀಟರ್ ಉಳಿಯುವುದರಿಂದ ಬಸಿಗಾಲುವೆಗೂ ಓಡಾಟಕ್ಕೂ ಜಾಗ ಸಿಗುತ್ತದೆ. ಒಟ್ಟು ಗಿಡಗಳು 308.

ಯಂತ್ರದಲ್ಲಿ ಮೊದಲ ಗುಂಡಿಗೆ ಒಂದು ಸಣ್ಣ ವೃತ್ತ ಬರೆದು, ಅರೇ ಎಂಬ ಆಜ್ಞೆಯಲ್ಲಿ ಅಡ್ಡಕ್ಕೆ 22, ಒಳಕ್ಕೆ 14, ಅಂತರ 2.7 ಎಂದು ಕೊಟ್ಟರೆ 308 ಗುಂಡಿಗಳೂ ಬೇಲಿಗೆ ಸರಿಯಾಗಿ ಕೂರುತ್ತವೆ. ತೋಟದ ಲೆಕ್ಕ ಜಾರಿಯಲ್ಲಿರುವಾಗ ಈ ಆಜ್ಞೆ ತೋಟದ ಅಕ್ಷಗಳನ್ನೇ ಅನುಸರಿಸುತ್ತದೆ. ಲೋಕದ ಲೆಕ್ಕದಲ್ಲಿದ್ದು ಇದೇ ಆಜ್ಞೆ ಕೊಟ್ಟರೆ ಸಾಲುಗಳು ಪೂರ್ವ-ಪಶ್ಚಿಮಕ್ಕೆ ಓಡಿ ಬೇಲಿಯನ್ನು ದಾಟುತ್ತವೆ.

ಅಡಿ ಮತ್ತು ಮೀಟರುಗಳನ್ನು ಬೆರೆಸಬಾರದು. 2.7 ಮೀಟರ್ ಎಂದರೆ 9 ಅಡಿ ಎಂದು ವಾಡಿಕೆಯಲ್ಲಿ ಹೇಳುತ್ತೇವೆ. ಸರಿಯಾಗಿ ಲೆಕ್ಕ ಹಾಕಿದರೆ 9 ಅಡಿಗೆ 2.743 ಮೀಟರ್. ಒಂದು ಅಂತರದಲ್ಲಿ ಈ ವ್ಯತ್ಯಾಸ ನಾಲ್ಕು ಬೆರಳಿಗೂ ಕಡಿಮೆ. ಆದರೆ 21 ಅಂತರಗಳಲ್ಲಿ ಅದು 90 ಸೆಂಟಿಮೀಟರ್ ಆಗುತ್ತದೆ. ನಕ್ಷೆ ಮೀಟರಿನಲ್ಲಿದ್ದು ಆಳುಗಳ ಹಗ್ಗದಲ್ಲಿ 9 ಅಡಿಗೊಂದು ಗಂಟು ಇದ್ದರೆ ಕೊನೆಯ ಗಿಡ ಬೇಲಿಗೆ ತೀರ ಹತ್ತಿರ ಹೋಗುತ್ತದೆ.

6. ಬಿಸಿಲಿನ ದಿಕ್ಕಿಗೆ ಇನ್ನೊಂದು ಲೆಕ್ಕ

ಎಳೆಯ ಅಡಿಕೆ ಮರಗಳ ಕಾಂಡವನ್ನು ಇಳಿಹೊತ್ತಿನ ನೈಋತ್ಯದ ಬಿಸಿಲು ಸುಡುತ್ತದೆ. ಇದನ್ನು ಕಡಿಮೆ ಮಾಡಲು ಉತ್ತರ-ದಕ್ಷಿಣದ ಸಾಲನ್ನು 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಿ ನೆಡಬೇಕೆಂದು ಶಿಫಾರಸಿದೆ. ಹೀಗೆ ನೆಟ್ಟಾಗ ಒಂದು ಮರದ ನೆರಳು ಇನ್ನೊಂದರ ಕಾಂಡಕ್ಕೆ ಆಸರೆಯಾಗುತ್ತದೆ.

ಸ್ವಂತ ಅಕ್ಷಗಳ ಉಪಯೋಗ ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ಮೊದಲು ಯು.ಸಿ.ಎಸ್. ಆಜ್ಞೆಯಲ್ಲಿ ವರ್ಲ್ಡ್ ಎಂಬುದನ್ನು ಆಯ್ದು ಲೋಕದ ಲೆಕ್ಕಕ್ಕೆ ಹೋಗಬೇಕು. ಬಳಿಕ ಮತ್ತೆ ಯು.ಸಿ.ಎಸ್. ಆಜ್ಞೆ ಕೊಟ್ಟು ಝಡ್ ಎಂಬುದನ್ನು ಆಯ್ದು 35 ಎಂದು ಒತ್ತಬೇಕು. ಅಕ್ಷಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ 35 ಡಿಗ್ರಿ ತಿರುಗುತ್ತವೆ. ಉತ್ತರಕ್ಕಿದ್ದ ವೈ ಅಕ್ಷ ಪಶ್ಚಿಮದ ಕಡೆಗೆ 35 ಡಿಗ್ರಿ ವಾಲುತ್ತದೆ. ಇದಕ್ಕೆ "ಸಾಲು" ಎಂಬ ಹೆಸರು ಕೊಟ್ಟು ಉಳಿಸಿಕೊಳ್ಳಬೇಕು. ಹೀಗೆ ಒಂದೇ ನಕ್ಷೆಯಲ್ಲಿ "ಬೇಲಿ" ಮತ್ತು "ಸಾಲು" ಎಂಬ ಎರಡು ಲೆಕ್ಕಗಳಿರುತ್ತವೆ. ಗಡಿ, ದಾರಿ, ಕಾಲುವೆಗಳನ್ನು ಮೊದಲನೆಯದರಲ್ಲಿ ಬರೆಯಬೇಕು. ಗುಂಡಿಗಳನ್ನು ಎರಡನೆಯದರಲ್ಲಿ ಬರೆಯಬೇಕು.

ನಮ್ಮ ಉದಾಹರಣೆಯಲ್ಲಿ ಬೇಲಿಯ ತಿರುವು 36.87 ಡಿಗ್ರಿ. ಶಿಫಾರಸಿಗೂ ಇದಕ್ಕೂ ಎರಡು ಡಿಗ್ರಿಯ ಒಳಗಿನ ವ್ಯತ್ಯಾಸ. ಆದುದರಿಂದ ಬೇಲಿಯ ಲೆಕ್ಕದಲ್ಲಿಯೇ ಸಾಲು ಹಾಕಬಹುದು. ಬೇಲಿ ಬೇರೆ ದಿಕ್ಕಿಗಿರುವ ತೋಟಗಳಲ್ಲಿ ಮೂಲೆಗಳ ಕೆಲವು ಗುಂಡಿಗಳು ಕಡಿಮೆಯಾಗಬಹುದು. ಗಿಡಗಳ ಸಂಖ್ಯೆ ಎಷ್ಟು ತಗ್ಗುತ್ತದೆ ಎಂಬುದನ್ನು ನಕ್ಷೆಯಲ್ಲಿಯೇ ಎಣಿಸಿ ನೋಡಿ, ಬಳಿಕ ತೀರ್ಮಾನಿಸುವುದು ಒಳ್ಳೆಯದು.

7. ಒಂದು ಲೆಕ್ಕದಿಂದ ಇನ್ನೊಂದಕ್ಕೆ

ಯಂತ್ರ ತಾನಾಗಿಯೇ ಪರಿವರ್ತನೆ ಮಾಡುತ್ತದೆ. ಆದರೂ ಅದರ ಗಣಿತವನ್ನು ಒಮ್ಮೆ ಕೈಯಲ್ಲಿ ಮಾಡಿ ನೋಡಿದರೆ ವಿಷಯ ಮನದಟ್ಟಾಗುತ್ತದೆ. ನಮ್ಮ ತೋಟದಲ್ಲಿ ಬೇಲಿಯುದ್ದಕ್ಕೆ 60 ಮೀಟರ್ ಹೋದರೆ ಪೂರ್ವಕ್ಕೆ 48, ಉತ್ತರಕ್ಕೆ 36 ಮೀಟರ್ ಹೋದಂತೆ. ಅಂದರೆ ಮೀಟರಿಗೆ 0.8 ಪೂರ್ವಕ್ಕೆ, 0.6 ಉತ್ತರಕ್ಕೆ. ಬೇಲಿಯಿಂದ ಒಳಕ್ಕೆ ಒಂದು ಮೀಟರ್ ಹೋದರೆ 0.6 ಪಶ್ಚಿಮಕ್ಕೆ, 0.8 ಉತ್ತರಕ್ಕೆ. ಆದುದರಿಂದ:

ಪೂರ್ವ = 538900 + (0.8 × ಉದ್ದ) – (0.6 × ಒಳಕ್ಕೆ)
ಉತ್ತರ = 1495800 + (0.6 × ಉದ್ದ) + (0.8 × ಒಳಕ್ಕೆ)

ಐದನೆಯ ಸಾಲಿನ ಹತ್ತನೆಯ ಗಿಡವನ್ನು ತೆಗೆದುಕೊಳ್ಳೋಣ. ಉದ್ದ 1.5 + (9 × 2.7) = 25.8. ಒಳಕ್ಕೆ 1.5 + (4 × 2.7) = 12.3. ಪೂರ್ವಕ್ಕೆ 20.64 – 7.38 = 13.26. ಉತ್ತರಕ್ಕೆ 15.48 + 9.84 = 25.32. ಹಾಗಾಗಿ ಲೋಕದ ಲೆಕ್ಕದಲ್ಲಿ ಆ ಗಿಡ ಪೂರ್ವ 538913.26, ಉತ್ತರ 1495825.32ರಲ್ಲಿದೆ. ಗಿಡ ಒಂದೇ, ಹೆಸರು ಎರಡು.

ತೋಟದ ಲೆಕ್ಕದಲ್ಲಿ ಕೆಲಸ ಮಾಡುತ್ತಿರುವಾಗಲೇ ಸರ್ವೆಯವರು ಕೊಟ್ಟ ಒಂದು ಕಲ್ಲಿನ ಅಂಕಿಯನ್ನು ತುಂಬಬೇಕಾದರೆ ಅಂಕಿಯ ಮುಂದೆ ನಕ್ಷತ್ರ ಚಿಹ್ನೆ ಹಾಕಿ ಒತ್ತಬೇಕು. ಆಗ ಯಂತ್ರ ಅದನ್ನು ಲೋಕದ ಲೆಕ್ಕವೆಂದು ತಿಳಿಯುತ್ತದೆ. ಸದ್ಯ ಯಾವ ಲೆಕ್ಕ ಜಾರಿಯಲ್ಲಿದೆ ಎಂಬುದನ್ನು ಪರದೆಯ ಮೇಲಿನ ಅಕ್ಷಗಳ ಗುರುತು ತೋರಿಸುತ್ತದೆ. ಅಕ್ಷಗಳು ಕೂಡುವಲ್ಲಿ ಸಣ್ಣ ಚೌಕವಿದ್ದರೆ ಲೋಕದ ಲೆಕ್ಕ, ಇಲ್ಲದಿದ್ದರೆ ತೋಟದ ಲೆಕ್ಕ. ಐ.ಡಿ. ಎಂಬ ಆಜ್ಞೆ ಕೊಟ್ಟು ಒಂದು ಕಲ್ಲನ್ನು ತೋರಿಸಿದರೆ ಜಾರಿಯಲ್ಲಿರುವ ಲೆಕ್ಕದ ಅಂಕಿಯನ್ನು ಯಂತ್ರ ಬರೆದು ತೋರಿಸುತ್ತದೆ. ಪ್ರತಿ ಸಲ ಕೆಲಸ ಪ್ರಾರಂಭಿಸುವ ಮುನ್ನ ಹೀಗೊಮ್ಮೆ ಪರೀಕ್ಷಿಸುವುದು ಉತ್ತಮ.

8. ಇಳಿಜಾರಿನ ತೋಟ

ಮಲೆನಾಡಿನಲ್ಲಿ ಸಮತಟ್ಟಾದ ತೋಟಗಳಿಗಿಂತ ಇಳಿಜಾರಿನವೇ ಹೆಚ್ಚು. ಇಲ್ಲಿ ಝಡ್ ಅಕ್ಷದ ವಿಷಯ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಅ ಮತ್ತು ಆ ಕಲ್ಲುಗಳು ಒಂದೇ ಮಟ್ಟದಲ್ಲಿದ್ದು, ಮೇಲಿನ ಬೇಲಿ 8 ಮೀಟರ್ ಎತ್ತರದಲ್ಲಿದೆ ಎನ್ನೋಣ. ನಕ್ಷೆಯಲ್ಲಿ ಅಗಲ 40 ಮೀಟರ್ ಎಂದೇ ಕಾಣುತ್ತದೆ. ನೆಲದ ಮೇಲೆ ಟೇಪು ಹಿಡಿದರೆ 40.79 ಮೀಟರ್ ಬರುತ್ತದೆ. ಮೇಲಿನ ಬೇಲಿ 20 ಮೀಟರ್ ಎತ್ತರದಲ್ಲಿದ್ದರೆ ಟೇಪಿನ ಅಳತೆ 44.72 ಮೀಟರ್ ಆಗುತ್ತದೆ. ಚಪ್ಪಟೆ ನಕ್ಷೆಯನ್ನು ನಂಬಿ ಕೊಳವೆ ಕೊಂಡವರಿಗೆ ಇಂತಹ ಪ್ರತಿ ಗೆರೆಗೂ 4.72 ಮೀಟರ್ ಸಾಲದೆ ಹೋಗುತ್ತದೆ.

ಇದಕ್ಕೆ ಪರಿಹಾರವೆಂದರೆ ಅಕ್ಷಗಳನ್ನೇ ಇಳಿಜಾರಿನ ಮೇಲೆ ಮಲಗಿಸುವುದು. ಕಲ್ಲುಗಳ ಎತ್ತರವನ್ನೂ ಸೇರಿಸಿ ನಕ್ಷೆ ಬರೆದಿದ್ದರೆ, ಹಿಂದೆ ಹೇಳಿದಂತೆ ಅ, ಆ, ಈ ಕಲ್ಲುಗಳನ್ನು ಕ್ರಮವಾಗಿ ತೋರಿಸಿದಾಗ ಯಂತ್ರ ಆ ಮೂರೂ ಕಲ್ಲುಗಳನ್ನು ಮುಟ್ಟುವ ಓರೆ ಪಾತಳಿಯನ್ನೇ ಹಿಡಿಯುತ್ತದೆ. ಈ ಲೆಕ್ಕದಲ್ಲಿ ಈ ಕಲ್ಲಿನ ಅಂಕಿ (0, 40.79). ಇದಕ್ಕೆ "ಇಳಿಜಾರು" ಎಂದು ಹೆಸರಿಟ್ಟು, ಕೊಳವೆಯ ಉದ್ದ ಮತ್ತು ಬೇಲಿ ತಂತಿಯ ಉದ್ದವನ್ನು ಇದರಲ್ಲಿ ತೆಗೆಯಬೇಕು. ಮೇಲಕ್ಕೆ ಏರುವ ಕೊಳವೆ ಮೊದಲ ಸಾಲಿನಿಂದ ಹದಿನಾಲ್ಕನೆಯ ಸಾಲಿಗೆ ನಕ್ಷೆಯಲ್ಲಿ 35.1 ಮೀಟರ್, ನೆಲದ ಮೇಲೆ 35.8 ಮೀಟರ್. ಸಾಲಿನುದ್ದಕ್ಕೆ ಹೋಗುವ 14 ಲ್ಯಾಟರಲ್ ಕೊಳವೆಗಳು ಸಮಮಟ್ಟದಲ್ಲಿರುವುದರಿಂದ ಅವುಗಳ ಉದ್ದ ಬದಲಾಗದು. ಒಟ್ಟು 793.8 ಮೀಟರ್.

ಇಲ್ಲಿಯೇ ಒಂದು ದೊಡ್ಡ ಅಪಾಯವೂ ಇದೆ. ಓರೆ ಪಾತಳಿಯ ಲೆಕ್ಕದಲ್ಲಿ ಆ ಪಾತಳಿಯ ಮೇಲಿನ ಎಲ್ಲ ಬಿಂದುಗಳ ಎತ್ತರವೂ ಸೊನ್ನೆ. ನಿಜವಾಗಿ 8 ಮೀಟರ್ ಮೇಲಿರುವ ಈ ಕಲ್ಲಿನ ಝಡ್ ಅಂಕಿಯೂ ಸೊನ್ನೆ ಎಂದೇ ಬರುತ್ತದೆ. ಆ ಅಂಕಿಯನ್ನು ನೋಡಿ ಪಂಪು ಆರಿಸಿದರೆ ಮೇಲಿನ ಸಾಲುಗಳಿಗೆ ನೀರು ಸರಿಯಾಗಿ ಏರುವುದಿಲ್ಲ. ನೀರನ್ನು 10 ಮೀಟರ್ ಎತ್ತಲು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಬೇಕು. 8 ಮೀಟರಿಗೆ ಸುಮಾರು 0.8 ಕಿಲೋ ಏರಿಕೆಗೇ ಖರ್ಚಾಗುತ್ತದೆ. ಕೊಳವೆಯೊಳಗಿನ ಘರ್ಷಣೆ, ಹನಿಗುಂಡಿಗೆ ಬೇಕಾದ ಒತ್ತಡ ಇದರ ಮೇಲೆ. ಆದುದರಿಂದ ಉದ್ದವನ್ನು ಇಳಿಜಾರಿನ ಲೆಕ್ಕದಲ್ಲಿ ತೆಗೆಯಬೇಕು, ಎತ್ತರವನ್ನು ಯಾವಾಗಲೂ ಲೋಕದ ಲೆಕ್ಕದಲ್ಲಿ ತೆಗೆಯಬೇಕು. ಇದನ್ನು ಬೆಳೆಗಾರರು ಮರೆಯಬಾರದು.

ಗಿಡದ ಅಂತರದಲ್ಲಿಯೂ ಈ ವಿಚಾರ ಬರುತ್ತದೆ. 40ಕ್ಕೆ 20 ಏರುವ ಇಳಿಜಾರಿನಲ್ಲಿ ನೆಲಕ್ಕೆ ಟೇಪು ಹಿಡಿದು 2.7 ಮೀಟರಿಗೊಂದು ಗುಂಡಿ ಹಾಕಿದರೆ, ಅಡ್ಡಮಟ್ಟದಲ್ಲಿ ಅದು 2.41 ಮೀಟರ್ ಮಾತ್ರ. ಬಿಸಿಲು ಗಾಳಿ ಸಿಗುವುದು ಅಡ್ಡಮಟ್ಟದ ಅಂತರದ ಪ್ರಕಾರ. ಹೀಗಾಗಿ ಟೇಪನ್ನು ಸಮಮಟ್ಟದಲ್ಲಿ ಎತ್ತಿ ಹಿಡಿದು, ತುದಿಯಿಂದ ತೂಗುಗುಂಡು ಬಿಟ್ಟು ಗುರುತು ಹಾಕುವುದು ಸರಿಯಾದ ಕ್ರಮ. ಇಷ್ಟು ಕಡಿದಾದ ಇಳಿಜಾರಿನಲ್ಲಿ, ವಿಶೇಷವಾಗಿ ಕಾಫಿ ತೋಟಗಳಲ್ಲಿ, ಚೌಕದ ಸಾಲಿಗಿಂತ ಒಂದೇ ಎತ್ತರದ ಕಂಟೂರ್ ಗೆರೆಗಳನ್ನು ಹಿಡಿದು ನೆಡುವುದೇ ಮಣ್ಣಿನ ರಕ್ಷಣೆಗೆ ಒಳ್ಳೆಯದು. ಚೌಕದ ಅಕ್ಷಗಳನ್ನು ಅಂತಹ ನೆಲದ ಮೇಲೆ ಬಲವಂತವಾಗಿ ಹೇರಬಾರದು.

9. ನಕ್ಷೆಯಿಂದ ನೆಲಕ್ಕೆ

ನಕ್ಷೆ ಸಿದ್ಧವಾದ ಮೇಲೆ ಅದನ್ನು ನೆಲಕ್ಕೆ ಇಳಿಸಬೇಕು. ಮೊಬೈಲು ಹಿಡಿದು ಗುಂಡಿಗಳ ಜಾಗ ಹುಡುಕುತ್ತೇವೆ ಎಂದು ಕೆಲವರು ಹೇಳುತ್ತಾರೆ. ಬಯಲಿನಲ್ಲಿಯೇ ಮೊಬೈಲಿನ ಉಪಗ್ರಹ ಸೂಚಕ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಮರಗಳ ಕೆಳಗೆ ತಪ್ಪು ಇನ್ನೂ ಹೆಚ್ಚು. ಅಂತರವೇ 2.7 ಮೀಟರ್ ಇರುವಾಗ 5 ಮೀಟರ್ ತಪ್ಪುವ ಸಾಧನದಿಂದ ಗುಂಡಿ ಗುರುತಿಸುವುದು ಸಾಧ್ಯವಿಲ್ಲ. ಅದೇ ಕಾರಣಕ್ಕಾಗಿ ಮೊಬೈಲಿನಲ್ಲಿ ಕಾಣುವ ಗಡಿಯನ್ನು ನಂಬಿ ನೆರೆಯವರೊಡನೆ ತಕರಾರು ತೆಗೆಯುವುದೂ ಸಲ್ಲದು. ಗಡಿಗೆ ಸರ್ವೆ ಇಲಾಖೆಯ ಅಳತೆಯೇ ಆಧಾರ.

ತೋಟದ ಲೆಕ್ಕವಿದ್ದರೆ ಎರಡು ಕಲ್ಲು, ಒಂದು ಟೇಪು, ಒಂದು ಹಗ್ಗ ಸಾಕು. ಅ ಕಲ್ಲಿನಿಂದ ಆ ಕಲ್ಲಿಗೆ ಹಗ್ಗ ಬಿಗಿಯಬೇಕು. ಅ ಕಲ್ಲಿನಲ್ಲಿ ಲಂಬ ತೆಗೆಯಲು 6, 8, 10 ಮೀಟರಿನ ತ್ರಿಕೋನ ಹಿಡಿಯಬೇಕು. ಬೇಲಿಯುದ್ದಕ್ಕೆ 6, ಒಳಕ್ಕೆ 8, ಅಡ್ಡಲಾಗಿ ಸರಿಯಾಗಿ 10 ಬಂದರೆ ಮೂಲೆ ಲಂಬ. ನಾಲ್ಕು ಮೂಲೆ ಹಾಕಿದ ಮೇಲೆ ಎರಡು ಕರ್ಣಗಳನ್ನೂ ಅಳೆದು ನೋಡಬೇಕು. ನಮ್ಮ ತೋಟದಲ್ಲಿ ಎರಡೂ 72.11 ಮೀಟರ್ ಬರಬೇಕು. ಕರ್ಣಗಳಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಬಂದರೆ ಎಲ್ಲೋ ಮೂಲೆ ಓರೆಯಾಗಿದೆ ಎಂದರ್ಥ. ಗುಂಡಿ ತೆಗೆಯುವುದಕ್ಕೆ ಮುಂಚೆ ಅದನ್ನು ಸರಿಪಡಿಸಬೇಕು. ಮೇಲೆ ಹೇಳಿದ ಎಲ್ಲ ಅಳತೆಗಳೂ ಸಮಮಟ್ಟದ ಅಳತೆಗಳೆಂಬುದನ್ನು ಗಮನಿಸಬೇಕು.

ಮೂಲಬಿಂದುವಾಗಿ ಆರಿಸಿದ ಕಲ್ಲು ಅಲುಗಾಡದಂತಿರಬೇಕು. ಮರದ ಗೂಟವನ್ನೋ ಬೇಲಿಯ ಗಿಡವನ್ನೋ ಮೂಲಬಿಂದುವಾಗಿ ಇಡಬಾರದು. ಕಲ್ಲು ಕಳೆದರೆ ಲೆಕ್ಕವೂ ಕಳೆಯುತ್ತದೆ. ಆದ್ದರಿಂದ ನಕ್ಷೆಯ ಮೂಲೆಯಲ್ಲಿ ಮೂಲಬಿಂದುವಿನ ಲೋಕದ ಅಂಕಿ, ಬೇಲಿಯ ತಿರುವಿನ ಡಿಗ್ರಿ, ಅಳತೆಯ ಮಾನ ಈ ಮೂರನ್ನೂ ಅಕ್ಷರದಲ್ಲಿ ಬರೆಸಿಟ್ಟುಕೊಳ್ಳಬೇಕು. ಇವು ಮೂರಿದ್ದರೆ ಹತ್ತು ವರ್ಷದ ಬಳಿಕವೂ ಬೇರೆ ಯಾರಾದರೂ ಅದೇ ತೋಟದ ಲೆಕ್ಕವನ್ನು ಮತ್ತೆ ಕಟ್ಟಬಲ್ಲರು.

10. ನಕ್ಷೆಗಾರರಲ್ಲಿ ಕೇಳಬೇಕಾದ ಮಾತುಗಳು

ಆಟೋಕ್ಯಾಡನ್ನು ವರ್ಷಕ್ಕಿಷ್ಟು ಎಂದು ಹಣ ಕೊಟ್ಟು ಬಳಸಬೇಕು. ಬ್ರಿಕ್ಸ್‌ಕ್ಯಾಡ್ ಎಂಬ ತಂತ್ರಾಂಶದಲ್ಲಿಯೂ ಯು.ಸಿ.ಎಸ್. ಎಂಬ ಹೆಸರಿನಲ್ಲಿಯೇ ಈ ಸೌಲಭ್ಯವಿದೆ. ಉಚಿತವಾಗಿ ಸಿಗುವ ಫ್ರೀಕ್ಯಾಡ್‌ನಲ್ಲಿ ವರ್ಕಿಂಗ್ ಪ್ಲೇನ್ ಎಂಬ ಹೆಸರಿನಲ್ಲಿ ಇದೇ ಕೆಲಸ ಮಾಡಬಹುದು. ಬೆಳೆಗಾರರು ಸ್ವತಃ ಯಂತ್ರದ ಮುಂದೆ ಕೂರದಿದ್ದರೂ ನಕ್ಷೆ ಪಡೆಯುವಾಗ ಈ ಪ್ರಶ್ನೆಗಳನ್ನು ಕೇಳಬೇಕು:

ನಕ್ಷೆಯನ್ನು ತಿರುಗಿಸಿದ್ದೀರೋ, ಅಕ್ಷಗಳನ್ನು ಮಾತ್ರ ತಿರುಗಿಸಿದ್ದೀರೋ?
ಮೂಲಬಿಂದು ಯಾವ ಕಲ್ಲು?
ಅಳತೆ ಮೀಟರೋ, ಅಡಿಯೋ?
ಕೊಳವೆಯ ಉದ್ದ ಚಪ್ಪಟೆ ನಕ್ಷೆಯದೋ, ಇಳಿಜಾರಿನದೋ?
ಸರ್ವೆಯವರಿಗೆ ಕೊಡುವ ಪ್ರತಿಯಲ್ಲಿ ಲೋಕದ ಲೆಕ್ಕ ಜಾರಿಯಲ್ಲಿದೆಯೇ?

ಈ ಐದಕ್ಕೂ ಸ್ಪಷ್ಟ ಉತ್ತರ ಬಂದ ಮೇಲೆಯೇ ಹಣ ಕೊಡುವುದು ಕ್ಷೇಮ.

ಅಭ್ಯಾಸ

ಓದಿದವರು ಈ ಮೂರು ಲೆಕ್ಕಗಳನ್ನು ಮಾಡಿ ನೋಡಬಹುದು. ಮನೆಯ ಮಕ್ಕಳಿಂದ ಮಾಡಿಸಿದರೆ ಇನ್ನೂ ಒಳ್ಳೆಯದು.

ಒಂದು: ಮೊದಲ ಸಾಲಿನ ಮೊದಲ ಗಿಡದ ಲೋಕದ ಅಂಕಿ ಎಷ್ಟು?

ಎರಡು: ಹದಿನಾಲ್ಕನೆಯ ಸಾಲಿನ ಕೊನೆಯ ಗಿಡದ ಲೋಕದ ಅಂಕಿ ಎಷ್ಟು?

ಮೂರು: ಪೂರ್ವ 538920, ಉತ್ತರ 1495840ರಲ್ಲಿ ಒಂದು ಹಳೆಯ ಬಾವಿ ಇದೆ. ತೋಟದ ಲೆಕ್ಕದಲ್ಲಿ ಅದು ಎಲ್ಲಿ ಬರುತ್ತದೆ? ಯಾವ ಗಿಡಕ್ಕೆ ಅಡ್ಡಿಯಾಗುತ್ತದೆ? (ಇಲ್ಲಿ ಲೆಕ್ಕ ತಿರುಗುಮುರುಗು: ಅ ಕಲ್ಲಿನಿಂದ ಪೂರ್ವಕ್ಕಿರುವ ದೂರವನ್ನು 0.8ರಿಂದಲೂ, ಉತ್ತರಕ್ಕಿರುವ ದೂರವನ್ನು 0.6ರಿಂದಲೂ ಗುಣಿಸಿ ಕೂಡಿಸಿದರೆ ಉದ್ದ. ಉತ್ತರದ ದೂರವನ್ನು 0.8ರಿಂದ ಗುಣಿಸಿ, ಪೂರ್ವದ ದೂರವನ್ನು 0.6ರಿಂದ ಗುಣಿಸಿದ್ದನ್ನು ಅದರಲ್ಲಿ ಕಳೆದರೆ ಒಳಕ್ಕೆ.)

ಉತ್ತರಗಳು: ಒಂದು, ಪೂರ್ವ 538900.30, ಉತ್ತರ 1495802.10. ಎರಡು, ಪೂರ್ವ 538924.60, ಉತ್ತರ 1495864.20. ಮೂರು, ಬಾವಿಯ ಅಂಕಿ (40, 20). ಎಂಟನೆಯ ಸಾಲಿನ ಹದಿನೈದನೆಯ ಗಿಡ (39.3, 20.4)ರಲ್ಲಿ ಬರುವುದರಿಂದ ಅದು ಬಾವಿಯ ಮೇಲೆಯೇ ಕೂರುತ್ತದೆ. ಸುತ್ತಲಿನ ಗಿಡಗಳನ್ನೂ ಬಾವಿಯ ಅಗಲ ನೋಡಿ ಬಿಡಬೇಕಾಗುತ್ತದೆ. 308 ಸಸಿ ತರುವುದಕ್ಕೆ ಮುಂಚೆ ಈ ವಿಷಯ ತಿಳಿದರೆ ಅಷ್ಟು ಸಸಿಯ ಹಣ ಉಳಿಯಿತು.